ಉಪಗ್ರಹಗಳ ನಡುವಣ ಲೇಸರ್ ಸಂಪರ್ಕ: ಬಾಹ್ಯಾಕಾಶ ವಿಕಿರಣದ ಸವಕಳಿ ಲೆಕ್ಕ

ಕಾರ್ಖಾನೆಯಲ್ಲಿ ಯಂತ್ರವೊಂದನ್ನು ಸ್ಥಾಪಿಸಿದ ದಿನದಿಂದಲೇ ಅದರ ಸವಕಳಿಯು ಆರಂಭವಾಗುತ್ತದೆ. ಆದರೂ ಯಂತ್ರ ಕೆಟ್ಟರೆ ದುರಸ್ತಿಗೆ ಅವಕಾಶವಿದೆ, ಬಿಡಿಭಾಗಗಳು ದೊರೆಯುತ್ತವೆ. ಭೂಮಿಯಿಂದ 35,786 ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆಯಲ್ಲಿರುವ ಉಪಗ್ರಹಕ್ಕೆ ಈ ಅನುಕೂಲವಿಲ್ಲ. ಉಡಾವಣೆಯ ದಿನದಂದು ಅದರಲ್ಲಿ ಏನಿದೆಯೋ ಅಷ್ಟರಿಂದಲೇ ಅದು ತನ್ನ ಇಡೀ ಆಯುಷ್ಯವನ್ನು ಸಾಗಿಸಬೇಕು. ಆದ್ದರಿಂದ ಅದರ ಸವಕಳಿಯನ್ನು ವಿನ್ಯಾಸದ ಹಂತದಲ್ಲಿಯೇ ಅಂದಾಜು ಮಾಡಿ, ಅದಕ್ಕೆ ತಕ್ಕ ಮೀಸಲನ್ನು ಮೊದಲೇ ಇರಿಸುವುದು ಅನಿವಾರ್ಯವಾಗುತ್ತದೆ. ಉಪಗ್ರಹಗಳು ಪರಸ್ಪರ ಲೇಸರ್ ಕಿರಣಗಳ ಮೂಲಕ ಮಾಹಿತಿ ವಿನಿಮಯ ಮಾಡಿಕೊಳ್ಳುವ ವ್ಯವಸ್ಥೆಯಲ್ಲಿ ಈ ಸವಕಳಿಯ ಮುಖ್ಯ ಕಾರಣಗಳಲ್ಲೊಂದು ಬಾಹ್ಯಾಕಾಶದ ವಿಕಿರಣ.

ಪ್ರಯೋಗದಿಂದ ವ್ಯಾಪಾರದೆಡೆಗೆ

ಎರಡು ಉಪಗ್ರಹಗಳ ನಡುವೆ ಲೇಸರ್ ಮೂಲಕ ಚಿತ್ರಮಾಹಿತಿಯು ಮೊದಲ ಬಾರಿಗೆ ರವಾನೆಯಾದುದು 2001ರ ನವೆಂಬರ್‌ನಲ್ಲಿ. ಫ್ರಾನ್ಸಿನ ಸ್ಪಾಟ್-4 ಉಪಗ್ರಹವು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಆರ್ಟೆಮಿಸ್ ಉಪಗ್ರಹಕ್ಕೆ ಸೆಕೆಂಡಿಗೆ 50 ಮೆಗಾಬಿಟ್ ವೇಗದಲ್ಲಿ ಚಿತ್ರಗಳನ್ನು ಕಳುಹಿಸಿತು. 2005ರ ಡಿಸೆಂಬರ್‌ನಲ್ಲಿ ಜಪಾನಿನ ಕಿರಾರಿ ಉಪಗ್ರಹವು ಅದೇ ಆರ್ಟೆಮಿಸ್‌ನೊಂದಿಗೆ ಎರಡೂ ದಿಕ್ಕಿನ ಲೇಸರ್ ಸಂಪರ್ಕವನ್ನು ಸಾಧಿಸಿತು. 2008ರಲ್ಲಿ ಜರ್ಮನಿಯ ಟೆರ್ರಾಸಾರ್-ಎಕ್ಸ್ ಮತ್ತು ಅಮೆರಿಕದ ಎನ್‌ಫೈರ್ ಉಪಗ್ರಹಗಳ ನಡುವೆ ವೇಗವು ಸೆಕೆಂಡಿಗೆ ಐದೂವರೆ ಗಿಗಾಬಿಟ್ ದಾಟಿತು. 2016ರ ಜನವರಿಯಲ್ಲಿ ಯುರೋಪಿನ ದತ್ತಾಂಶ ಪ್ರಸಾರ ವ್ಯವಸ್ಥೆಯ ಮೊದಲ ಘಟಕವು ಕಕ್ಷೆ ಸೇರಿದ ನಂತರ ಈ ತಂತ್ರಜ್ಞಾನವು ಶುಲ್ಕ ಪಡೆದು ಒದಗಿಸುವ ಸೇವೆಯಾಯಿತು. ಸ್ಟಾರ್‌ಲಿಂಕ್ ಜಾಲದಲ್ಲಿ 9,000ಕ್ಕೂ ಹೆಚ್ಚು ಲೇಸರ್ ಘಟಕಗಳು ಕಾರ್ಯ ನಿರ್ವಹಿಸುತ್ತಿವೆ ಎಂದು 2024ರ ಆರಂಭದಲ್ಲಿ ಸ್ಪೇಸ್‌ಎಕ್ಸ್ ಸಂಸ್ಥೆ ತಿಳಿಸಿತು. ಪ್ರಯೋಗಾಲಯದ ಕುತೂಹಲವಾಗಿದ್ದ ವಸ್ತುವು ಹೀಗೆ ಸಾವಿರಗಳ ಲೆಕ್ಕದಲ್ಲಿ ತಯಾರಾಗುವ ಸರಕಾಗಿ ಮಾರ್ಪಟ್ಟಿದೆ.

ಬೆಳಕಿಗೆ ಹಾನಿಯಿಲ್ಲ, ಉಪಕರಣಕ್ಕೆ ಹಾನಿ

ವಿಕಿರಣವು ಲೇಸರ್ ಕಿರಣವನ್ನೇ ಕೆಡಿಸುತ್ತದೆ ಎಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. ಬೆಳಕಿಗೆ ವಿದ್ಯುದಂಶವಿಲ್ಲ, ಬಾಹ್ಯಾಕಾಶದ ನಿರ್ವಾತದಲ್ಲಿ ಚಲಿಸುವ ಪ್ರೋಟಾನ್, ಎಲೆಕ್ಟ್ರಾನ್‌ಗಳ ನಡುವೆ ಅದು ಯಾವ ಅಡ್ಡಿಯೂ ಇಲ್ಲದೆ ಹಾದುಹೋಗುತ್ತದೆ. ಹಾನಿಯಾಗುವುದು ಸಂಪರ್ಕದ ಎರಡು ತುದಿಗಳಲ್ಲಿರುವ ಮಸೂರ, ಆಪ್ಟಿಕಲ್ ಫೈಬರ್, ಲೇಸರ್ ಡಯೋಡ್, ಫೋಟೋಡಯೋಡ್ ಹಾಗೂ ಅವುಗಳನ್ನು ನಿಯಂತ್ರಿಸುವ ಚಿಪ್‌ಗಳಿಗೆ.

ಈ ಕಣಗಳ ಮೂಲಗಳು ಮುಖ್ಯವಾಗಿ ಮೂರು. ಮೊದಲನೆಯದು, ಭೂಮಿಯ ಕಾಂತಕ್ಷೇತ್ರದಲ್ಲಿ ಸೆರೆಸಿಕ್ಕ ಕಣಗಳ ಪಟ್ಟಿಗಳು. ಅಮೆರಿಕದ ಎಕ್ಸ್‌ಪ್ಲೋರರ್-1 ಉಪಗ್ರಹದ ನೆರವಿನಿಂದ 1958ರಲ್ಲಿ ಇವುಗಳನ್ನು ಗುರುತಿಸಿದ ಜೇಮ್ಸ್ ವ್ಯಾನ್ ಅಲೆನ್ ಅವರ ಹೆಸರಿನಿಂದಲೇ ಇವು ಪ್ರಸಿದ್ಧವಾಗಿವೆ. ಒಳಪಟ್ಟಿಯಲ್ಲಿ ಅಧಿಕ ಶಕ್ತಿಯ ಪ್ರೋಟಾನ್‌ಗಳೂ ಹೊರಪಟ್ಟಿಯಲ್ಲಿ ಎಲೆಕ್ಟ್ರಾನ್‌ಗಳೂ ಪ್ರಧಾನವಾಗಿವೆ. ದಕ್ಷಿಣ ಅಟ್ಲಾಂಟಿಕ್ ಪ್ರದೇಶದ ಮೇಲೆ ಒಳಪಟ್ಟಿಯು ಕೆಳಕ್ಕೆ ಇಳಿದಿರುವುದರಿಂದ ಕೆಳಕಕ್ಷೆಯ ಉಪಗ್ರಹಗಳಿಗೂ ಅಲ್ಲಿ ಅದರ ಪೆಟ್ಟು ತಗಲುತ್ತದೆ. ಎರಡನೆಯದು, ಸೂರ್ಯನ ಸ್ಫೋಟಗಳಿಂದ ಚಿಮ್ಮುವ ಕಣಗಳು. ಮೂರನೆಯದು, ಸೌರಮಂಡಲದ ಆಚೆಯಿಂದ ಬರುವ ವಿಶ್ವಕಿರಣಗಳು.

ವಿಕಿರಣದ ಆರ್ಥಿಕ ನಷ್ಟವನ್ನು ಉಪಗ್ರಹ ಉದ್ಯಮವು ಬಹಳ ಹಿಂದೆಯೇ ಅನುಭವಿಸಿದೆ. 1962ರ ಜುಲೈ 9ರಂದು ಅಮೆರಿಕವು ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಪರಮಾಣು ಸ್ಫೋಟ ನಡೆಸಿತು. ಮರುದಿನವೇ ಟೆಲ್‌ಸ್ಟಾರ್-1 ಸಂಪರ್ಕ ಉಪಗ್ರಹದ ಉಡಾವಣೆಯಾಯಿತು. ಸ್ಫೋಟದಿಂದ ಹೆಚ್ಚಿದ್ದ ಕಣಗಳ ಹೊಡೆತಕ್ಕೆ ಅದರ ಟ್ರಾನ್ಸಿಸ್ಟರ್‌ಗಳು ಸೊರಗಿ, ಅದೇ ನವೆಂಬರ್‌ನಲ್ಲಿ ಉಪಗ್ರಹವು ಆಜ್ಞೆಗಳಿಗೆ ಸ್ಪಂದಿಸುವುದನ್ನು ನಿಲ್ಲಿಸಿತು. 1963ರ ಜನವರಿಯಲ್ಲಿ ಚೇತರಿಸಿಕೊಂಡರೂ ಫೆಬ್ರುವರಿಯಲ್ಲಿ ಶಾಶ್ವತವಾಗಿ ಮೌನವಾಯಿತು. ಅದು ರೇಡಿಯೋ ಯುಗದ ಮಾತು. ಆದರೆ ಅದರ ಪಾಠವು ಲೇಸರ್ ಯುಗಕ್ಕೂ ಅನ್ವಯಿಸುತ್ತದೆ.

ನಿಧಾನವಾಗಿ ಆಗುವ ನಷ್ಟ

ವಿಕಿರಣದಿಂದಾಗುವ ನಷ್ಟವನ್ನು ಲೆಕ್ಕಶಾಸ್ತ್ರದ ಭಾಷೆಯಲ್ಲಿ ಎರಡು ಶೀರ್ಷಿಕೆಗಳ ಅಡಿಯಲ್ಲಿ ನೋಡಬಹುದು: ವರ್ಷವರ್ಷವೂ ಸೇರುತ್ತಾ ಹೋಗುವ ಸವಕಳಿ ಮತ್ತು ಯಾವಾಗ ಬರುವುದೆಂದು ಹೇಳಲಾಗದ ಆಕಸ್ಮಿಕ ಹೊಣೆ.

ಸವಕಳಿಯಲ್ಲಿಯೂ ಎರಡು ಬಗೆಗಳಿವೆ. ಒಂದು, ಕಣಗಳು ವಸ್ತುವಿನೊಳಗೆ ವಿದ್ಯುದಂಶಗಳನ್ನು ಬಿಡಿಸಿ ಹೋಗುವುದು. ಸಾಮಾನ್ಯ ಮಸೂರದ ಗಾಜು ಇದರಿಂದ ಕ್ರಮೇಣ ಕಂದುಬಣ್ಣಕ್ಕೆ ತಿರುಗುತ್ತದೆ. ಗಾಜಿಗೆ ಸೀರಿಯಂ ಬೆರೆಸಿದರೆ ಅದು ಆರಂಭದಲ್ಲಿಯೇ ತುಸು ಹಳದಿಯಾಗಿದ್ದರೂ ಮುಂದೆ ಹೆಚ್ಚು ಕಪ್ಪಾಗುವುದಿಲ್ಲ. ಶುದ್ಧ ಸಿಲಿಕಾ ಗಾಜೂ ಉತ್ತಮ ಆಯ್ಕೆ. ಸಂಕೇತವನ್ನು ವರ್ಧಿಸುವ ಎರ್ಬಿಯಂ ಬೆರೆತ ಫೈಬರ್ ಹೆಚ್ಚು ಸೂಕ್ಷ್ಮವಾದುದು. ಅದರಲ್ಲಿ ಎರ್ಬಿಯಂ ಸಮನಾಗಿ ಹರಡಲೆಂದು ಸೇರಿಸುವ ಅಲ್ಯುಮಿನಿಯಂ, ಫಾಸ್ಫರಸ್‌ಗಳೇ ವಿಕಿರಣಕ್ಕೆ ಸಿಕ್ಕು ಬೆಳಕನ್ನು ಹೀರುವ ದೋಷಕೇಂದ್ರಗಳಿಗೆ ಕಾರಣವಾಗುತ್ತವೆ. ಭೂಮಿಯ ಮೇಲೆ ಗುಣವೆನಿಸಿದ್ದು ಕಕ್ಷೆಯಲ್ಲಿ ದೋಷವಾಗುವುದಕ್ಕೆ ಇದು ಉತ್ತಮ ನಿದರ್ಶನ.

ಇನ್ನೊಂದು ಬಗೆಯಲ್ಲಿ ಪ್ರೋಟಾನ್‌ಗಳು ಅರೆವಾಹಕ ಸ್ಫಟಿಕದಲ್ಲಿನ ಪರಮಾಣುಗಳನ್ನೇ ಸ್ಥಳದಿಂದ ಕದಲಿಸುತ್ತವೆ. ಆಗ ಲೇಸರ್ ಡಯೋಡ್ ಬೆಳಗಲು ಹೆಚ್ಚು ವಿದ್ಯುತ್ ಬೇಡುತ್ತದೆ. ಫೋಟೋಡಯೋಡ್‌ನಲ್ಲಿ ಬೆಳಕಿಲ್ಲದಿದ್ದಾಗಲೂ ಹರಿಯುವ ಸೋರಿಕೆ ವಿದ್ಯುತ್ ಏರುತ್ತದೆ. ಟೋಪೆಕ್ಸ್-ಪೊಸೈಡನ್ ಉಪಗ್ರಹವು 1992ರಲ್ಲಿ ಉಡಾವಣೆಯಾದ ಬಳಿಕ, ಬೆಳಕಿನ ಮೂಲಕ ಸಂಕೇತ ದಾಟಿಸುವ ಅದರ ಆಪ್ಟೋಕಪ್ಲರ್ ಎಂಬ ಪುಟ್ಟ ಭಾಗಗಳು ಈ ಕಾರಣದಿಂದಲೇ ವಿಫಲವಾದವು. ಕೋಟಿಗಟ್ಟಲೆ ಬೆಲೆಯ ಸ್ವತ್ತಿನಲ್ಲಿ ಅತಿ ಅಗ್ಗದ ಭಾಗವೇ ದುರ್ಬಲ ಕೊಂಡಿಯಾಗಬಹುದೆಂಬುದು ಇದರಿಂದ ಸಿದ್ಧವಾಯಿತು.

ಈ ನಷ್ಟಕ್ಕೆ ಮೀಸಲು ಇಡುವ ಕ್ರಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಸಂಪರ್ಕಕ್ಕೆ ಬೇಕಾದುದಕ್ಕಿಂತ ಎರಡರಷ್ಟು ಬೆಳಕು ತಲಪುವಂತೆ ವಿನ್ಯಾಸ ಮಾಡಿದರೆ ದೊರೆಯುವ ಮೀಸಲು 3 ಡೆಸಿಬೆಲ್. ಹತ್ತು ವರ್ಷಗಳಲ್ಲಿ ಮಸೂರಗಳಿಂದ 1, ವರ್ಧಕದಿಂದ 1 ಹಾಗೂ ಗ್ರಾಹಕದ ಸೋರಿಕೆಯಿಂದ 1 ಡೆಸಿಬೆಲ್ ನಷ್ಟವಾದರೆ ಆ ಮೀಸಲು ಪೂರ್ತಿ ಕರಗಿತು. ಒಂದು ಡೆಸಿಬೆಲ್ ಎಂದರೆ ಸುಮಾರು ಐದನೆಯ ಒಂದು ಭಾಗ. ಬಿಡಿಬಿಡಿಯಾಗಿ ನೋಡಿದಾಗ ಸಹಿಸಬಹುದಾದ ನಷ್ಟಗಳು ಒಟ್ಟುಗೂಡಿದಾಗ ಸಂಪರ್ಕವನ್ನೇ ಕಡಿದುಹಾಕಬಲ್ಲವು.

ಆಕಸ್ಮಿಕ ಹೊಣೆ

ಒಂದೇ ಒಂದು ಕಣದ ಹೊಡೆತದಿಂದ ಆಗುವ ಪರಿಣಾಮ ಎರಡನೆಯ ಶೀರ್ಷಿಕೆಗೆ ಸೇರುತ್ತದೆ. ಪ್ರೋಟಾನ್ ಒಂದು ಫೋಟೋಡಯೋಡ್‌ನ ಮೂಲಕ ಹಾದಾಗ ಅಲ್ಲಿ ಬೆಳಕು ಬಿದ್ದಂತೆಯೇ ಒಂದು ಕ್ಷಣಿಕ ಸಂಕೇತ ಹುಟ್ಟುತ್ತದೆ. ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ಒಂದು ನ್ಯಾನೋಸೆಕೆಂಡ್ ಅವಧಿಯಲ್ಲಿ 10 ಬಿಟ್‌ಗಳು ಸಾಗುತ್ತವೆ. ಹೀಗಾಗಿ ಕೆಲವೇ ನ್ಯಾನೋಸೆಕೆಂಡುಗಳ ಸುಳ್ಳು ಸಂಕೇತವು ಹತ್ತಾರು ಬಿಟ್‌ಗಳನ್ನು ಕೆಡಿಸುತ್ತದೆ. 1992ರಲ್ಲಿ ಉಡಾವಣೆಯಾದ ಅಮೆರಿಕದ ಸ್ಯಾಂಪೆಕ್ಸ್ ಉಪಗ್ರಹದೊಳಗಿನ ಫೈಬರ್ ಜಾಲದಲ್ಲಿ ಇಂತಹ ತಪ್ಪುಗಳು ದಾಖಲಾದವು. ತಪ್ಪಾದ ಸಂದೇಶವನ್ನು ಮತ್ತೊಮ್ಮೆ ಕಳುಹಿಸುವ ನಿಯಮವನ್ನು ಮೊದಲೇ ಅಳವಡಿಸಿದ್ದರಿಂದ ಕಾರ್ಯಕ್ಕೆ ಭಂಗ ಬರಲಿಲ್ಲ. ಹಬಲ್ ದೂರದರ್ಶಕಕ್ಕೆ 1997ರ ಫೆಬ್ರುವರಿಯಲ್ಲಿ ಹೊಸ ಉಪಕರಣಗಳನ್ನು ಜೋಡಿಸಿದ ಮೇಲೆ, ದಕ್ಷಿಣ ಅಟ್ಲಾಂಟಿಕ್ ವಲಯವನ್ನು ದಾಟುವಾಗ ಅವುಗಳ ಆಪ್ಟೋಕಪ್ಲರ್‌ಗಳಲ್ಲಿ ಹುಸಿ ಸಂಕೇತಗಳು ಕಾಣಿಸಿಕೊಂಡವು. ಆ ವಲಯದಲ್ಲಿ ಕೆಲವು ಕಾರ್ಯಗಳನ್ನು ತಡೆಹಿಡಿಯುವ ಕ್ರಮ ಜಾರಿಗೆ ಬಂದಿತು.

ಗುರಿ ಹಿಡಿಯುವ ಕಾರ್ಯದಲ್ಲಿ ಈ ಅಪಾಯ ಇನ್ನೂ ಸೂಕ್ಷ್ಮ. ಹತ್ತು ಮೈಕ್ರೋರೇಡಿಯನ್ ಅಗಲದ ಕಿರಣವು 40,000 ಕಿಲೋಮೀಟರ್ ದೂರದಲ್ಲಿ ಕೇವಲ 400 ಮೀಟರ್ ಅಗಲಕ್ಕೆ ಹರಡುತ್ತದೆ. ಅಷ್ಟು ಕಿರಿದಾದ ಕಿರಣವನ್ನು ಚಲಿಸುತ್ತಿರುವ ಉಪಗ್ರಹದ ಮೇಲೆ ನಿಲ್ಲಿಸಲು ಕ್ಯಾಮೆರಾ ಬೇಕು. ಆ ಕ್ಯಾಮೆರಾದಲ್ಲಿ ಕಣಗಳ ಹೊಡೆತದಿಂದ ಸುಳ್ಳು ಬಿಂದುಗಳು ಮಿನುಗುತ್ತವೆ. ಒಂದಾದ ಮೇಲೊಂದು ಚಿತ್ರವನ್ನು ಹೋಲಿಸಿ, ಉಳಿದು ನಿಲ್ಲುವ ಬಿಂದುವನ್ನು ಮಾತ್ರ ನಂಬುವ ತಂತ್ರಾಂಶವು ಇದನ್ನು ನಿವಾರಿಸುತ್ತದೆ. ಚಿಪ್‌ಗಳಲ್ಲಿ ಒಂದೇ ಲೆಕ್ಕವನ್ನು ಮೂರು ಕಡೆ ಮಾಡಿಸಿ ಬಹುಮತದ ಉತ್ತರವನ್ನು ಸ್ವೀಕರಿಸುವ ಪದ್ಧತಿಯೂ ಇದೆ.

ರಕ್ಷಣೆಯ ಬೆಲೆ

ದಪ್ಪನೆಯ ಲೋಹದ ಕವಚದಿಂದ ಎಲ್ಲವನ್ನೂ ಮುಚ್ಚಬಾರದೇಕೆ ಎಂಬ ಪ್ರಶ್ನೆ ಸಹಜ. ಕೆಲವು ಮಿಲಿಮೀಟರ್ ಅಲ್ಯುಮಿನಿಯಂ ಬಹುಪಾಲು ಎಲೆಕ್ಟ್ರಾನ್‌ಗಳನ್ನು ತಡೆಯುತ್ತದೆ. ಅಧಿಕ ಶಕ್ತಿಯ ಪ್ರೋಟಾನ್‌ಗಳನ್ನೂ ವಿಶ್ವಕಿರಣಗಳನ್ನೂ ತಡೆಯಲು ಬೇಕಾದ ದಪ್ಪವನ್ನು ಹೊರುವುದು ಕಾರ್ಯಸಾಧ್ಯವಲ್ಲ. ಪ್ರತಿ ಕಿಲೋಗ್ರಾಂ ತೂಕಕ್ಕೂ ಉಡಾವಣೆಯ ವೆಚ್ಚವಿದೆ.

ಆದ್ದರಿಂದ ಉದ್ಯಮದಲ್ಲಿ ಎರಡು ನೀತಿಗಳು ಬೆಳೆದಿವೆ. ಹದಿನೈದು ವರ್ಷ ದುಡಿಯಬೇಕಾದ ಭೂಸ್ಥಿರ ಉಪಗ್ರಹಕ್ಕೆ ವಿಕಿರಣ ಸಹಿಷ್ಣು ಭಾಗಗಳನ್ನೇ ದುಬಾರಿ ಬೆಲೆ ತೆತ್ತು ಬಳಸಲಾಗುತ್ತದೆ. ಸುಮಾರು ಐದು ವರ್ಷಗಳ ಆಯುಷ್ಯದ, ಸಾವಿರಾರು ಸಂಖ್ಯೆಯ ಕೆಳಕಕ್ಷೆಯ ಉಪಗ್ರಹಗಳಿಗೆ ಮಾರುಕಟ್ಟೆಯ ಸಾಮಾನ್ಯ ಭಾಗಗಳನ್ನು ಪರೀಕ್ಷಿಸಿ, ಆಯ್ದು ಬಳಸುವುದು ಲಾಭಕರ. ಒಂದು ಕೆಟ್ಟರೆ ಮಾಹಿತಿಯು ಬೇರೆ ದಾರಿಯಲ್ಲಿ ಸಾಗುತ್ತದೆ. ಮೊದಲನೆಯದರಲ್ಲಿ ಬಂಡವಾಳ ವೆಚ್ಚ ಹೆಚ್ಚು, ಎರಡನೆಯದರಲ್ಲಿ ಬದಲಿ ವೆಚ್ಚ ಹೆಚ್ಚು. ಎರಡರಲ್ಲಿಯೂ ಗ್ರಾಹಕನು ಹಣ ಕೊಡುವುದು ಭಾಗಕ್ಕಷ್ಟೇ ಅಲ್ಲ, ಆ ಭಾಗದ ಬಗೆಗಿನ ಪುರಾವೆಗೆ ಕೂಡ.

ಪೂರೈಕೆದಾರರು ಗಮನಿಸಬೇಕಾದ ಅಂಶಗಳು

ಭಾರತದಲ್ಲಿ 2020ರಲ್ಲಿ ಬಾಹ್ಯಾಕಾಶ ಕ್ಷೇತ್ರವು ಖಾಸಗಿ ಉದ್ಯಮಕ್ಕೆ ತೆರೆದುಕೊಂಡಿತು. 2023ರ ಬಾಹ್ಯಾಕಾಶ ನೀತಿಯ ನಂತರ, 2024ರಲ್ಲಿ ಉಪಗ್ರಹದ ಬಿಡಿಭಾಗಗಳ ತಯಾರಿಕೆಯಲ್ಲಿ ಶೇಕಡ 100ರವರೆಗೆ ವಿದೇಶಿ ನೇರ ಬಂಡವಾಳಕ್ಕೆ ಸ್ವಯಂಚಾಲಿತ ಮಾರ್ಗದಲ್ಲಿ ಅನುಮತಿ ದೊರೆಯಿತು. ಇಸ್ರೋದ ಕೇಂದ್ರಸ್ಥಾನವಾದ ಬೆಂಗಳೂರಿನಲ್ಲಿ ಲೇಸರ್ ಸಂವಹನ ಉಪಕರಣಗಳ ನವೋದ್ಯಮಗಳೂ ಇವೆ. ಇವುಗಳಿಗೆ ಗಾಜು, ಅಂಟು, ಲೇಪನ, ಸರ್ಕ್ಯೂಟ್ ಹಲಗೆ ಮುಂತಾದುವನ್ನು ಪೂರೈಸಲು ಬಯಸುವ ಸಣ್ಣ ಘಟಕಗಳು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಹಿತಕರ.

1. ಖಾತರಿಯ ಅವಧಿಯೊಂದನ್ನೇ ಬರೆದರೆ ಸಾಲದು. ಯಾವ ಕಕ್ಷೆ, ಎಷ್ಟು ವರ್ಷ, ಎಷ್ಟು ದಪ್ಪದ ಕವಚ, ಒಟ್ಟು ಎಷ್ಟು ವಿಕಿರಣ ಪ್ರಮಾಣ ಎಂಬುದು ಸ್ಪಷ್ಟವಾಗಿರಬೇಕು. ಕೆಳಕಕ್ಷೆಯ ಹತ್ತು ವರ್ಷವೂ ಭೂಸ್ಥಿರ ಕಕ್ಷೆಯ ಹತ್ತು ವರ್ಷವೂ ಒಂದೇ ಅಲ್ಲ. ಇದನ್ನು ನಮೂದಿಸದೆ ಹತ್ತು ವರ್ಷಗಳ ಖಾತರಿ ಕೊಟ್ಟ ಘಟಕವು ತನ್ನ ಬಂಡವಾಳವನ್ನೇ ಮೀರುವ ಹೊಣೆಯನ್ನು ತಲೆಯ ಮೇಲೆ ಹೊತ್ತುಕೊಂಡಂತೆ.

2. ಭಾಗದ ಸಂಖ್ಯೆ ಒಂದೇ ಆದರೂ ತಯಾರಿಕೆಯ ತಂಡ ಬದಲಾದರೆ ವಿಕಿರಣ ಸಹಿಷ್ಣುತೆಯೂ ಬದಲಾಗಬಹುದು. ಹಳೆಯ ತಂಡದ ಪ್ರಮಾಣಪತ್ರವನ್ನು ಹೊಸ ತಂಡಕ್ಕೆ ಲಗತ್ತಿಸಬಾರದು. ಉಪಪೂರೈಕೆದಾರರ ಬದಲಾವಣೆಯನ್ನೂ ಗ್ರಾಹಕರಿಗೆ ಲಿಖಿತವಾಗಿ ತಿಳಿಸಬೇಕು.

3. ಪರೀಕ್ಷೆಯ ವೇಗವನ್ನು ನೋಡಬೇಕು. ಕಕ್ಷೆಯಲ್ಲಿ ವರ್ಷಗಳಲ್ಲಿ ಸೇರುವ ಪ್ರಮಾಣವನ್ನು ಕೋಬಾಲ್ಟ್-60 ಮೂಲದ ಮುಂದೆ ಗಂಟೆಗಳಲ್ಲಿಯೋ ದಿನಗಳಲ್ಲಿಯೋ ಕೊಡಲಾಗುತ್ತದೆ. ಫೈಬರ್‌ಗೆ ನಡುವೆ ಚೇತರಿಸಿಕೊಳ್ಳಲು ಸಮಯ ಸಿಗದ ಕಾರಣ ಈ ಪರೀಕ್ಷೆಯು ನಷ್ಟವನ್ನು ಹೆಚ್ಚಾಗಿ ತೋರಿಸಬಹುದು. ಕೆಲವು ಬಗೆಯ ಟ್ರಾನ್ಸಿಸ್ಟರ್‌ಗಳಲ್ಲಿ ಇದಕ್ಕೆ ವಿರುದ್ಧವಾಗಿ ನಿಧಾನದ ವಿಕಿರಣವೇ ಹೆಚ್ಚು ಹಾನಿಕರವೆಂದು 1990ರ ದಶಕದ ಆರಂಭದಲ್ಲಿ ಕಂಡುಬಂದಿತು. ಅಂತಹವು ಅವಸರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕಕ್ಷೆಯಲ್ಲಿ ಸೋಲಬಹುದು.

4. ಗ್ಯಾಮಾ ಪರೀಕ್ಷೆಯ ಪ್ರಮಾಣಪತ್ರವು ಪ್ರೋಟಾನ್‌ನಿಂದಾಗುವ ಸ್ಫಟಿಕದ ಹಾನಿಗಾಗಲಿ, ಒಂಟಿ ಕಣದ ಹೊಡೆತಕ್ಕಾಗಲಿ ಉತ್ತರವಾಗದು. ಅವಕ್ಕೆ ಕಣವೇಗವರ್ಧಕ ಬೇಕು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ಹಾಗೂ ಮುಂಬಯಿಯ ಪೆಲೆಟ್ರಾನ್ ಕೇಂದ್ರಗಳು ನಮ್ಮ ದೇಶದ ಅಂತಹ ಸೌಲಭ್ಯಗಳು.

5. ಪರೀಕ್ಷೆಗೆ ಒಳಪಟ್ಟ ಮಾದರಿಗಳನ್ನು ಮತ್ತೆ ಮಾರುವಂತಿಲ್ಲ. ಅವುಗಳ ಬೆಲೆ, ಪರೀಕ್ಷಾ ಶುಲ್ಕ, ಕಾಯುವ ಅವಧಿಯ ಬಡ್ಡಿ ಇವೆಲ್ಲವನ್ನೂ ದರಪಟ್ಟಿಯಲ್ಲಿ ಸೇರಿಸಬೇಕು. ಇಡೀ ತಂಡವು ತಿರಸ್ಕೃತವಾದರೆ ನಷ್ಟ ಯಾರದೆಂಬುದನ್ನೂ ಒಪ್ಪಂದದಲ್ಲಿಯೇ ತೀರ್ಮಾನಿಸಿಕೊಳ್ಳಬೇಕು.

ವಿಕಿರಣವನ್ನು ನಿಲ್ಲಿಸುವುದು ಯಾರ ಕೈಯಲ್ಲಿಯೂ ಇಲ್ಲ. ಅದರಿಂದಾಗುವ ನಷ್ಟವನ್ನು ಅಳೆದು, ಅದಕ್ಕೆ ಮೀಸಲಿಟ್ಟು, ಪುರಾವೆಯೊಡನೆ ಮಾರುವುದು ಸಾಧ್ಯವಿದೆ. ಸರಿಯಾದ ಸವಕಳಿಯನ್ನು ತೋರಿಸದ ಲೆಕ್ಕಪತ್ರವು ಕೆಲವು ವರ್ಷ ಲಾಭವನ್ನು ತೋರಿಸಿ ಕೊನೆಗೆ ಉದ್ಯಮವನ್ನೇ ಮುಳುಗಿಸುತ್ತದೆ. ಕಕ್ಷೆಯಲ್ಲಿಯೂ ಇದೇ ನಿಯಮ. ಪರೀಕ್ಷೆಯ ಕಡತವನ್ನು ಸರಕಿನಷ್ಟೇ ಎಚ್ಚರಿಕೆಯಿಂದ ಸಿದ್ಧಪಡಿಸುವ ಘಟಕಗಳಿಗೆ ಈ ಹೊಸ ಮಾರುಕಟ್ಟೆಯಲ್ಲಿ ಸ್ಥಾನವಿದೆ.