ಬಳ್ಳಾರಿ–ಸಿರುಗುಪ್ಪ: ಅಡ್ಡಾಡಲು ಎರಡು ದಿನ

ವಿದೇಶದಲ್ಲಿ ನೆಲೆಸಿರುವ ನನ್ನ ಮಗಳು ವರ್ಷಕ್ಕೆ ಒಂದೆರಡು ಬಾರಿ ಯಾವುದಾದರೊಂದು ಹಳೆಯ ಪಟ್ಟಣಕ್ಕೆ ಹೋಗಿ, ಅಲ್ಲಿನ ಊಟ ಉಂಡು, ಉದ್ಯಾನಗಳಲ್ಲಿ ಸುತ್ತಾಡಿ, ಎರಡೇ ದಿನಗಳಲ್ಲಿ ಮರಳುವ ಪರಿಪಾಠ ಇಟ್ಟುಕೊಂಡಿದ್ದಾಳೆ. ನೋಡಲೇಬೇಕಾದ ಸ್ಥಳಗಳ ಪಟ್ಟಿ ಅವಳಲ್ಲಿರುವುದಿಲ್ಲ. ನಮ್ಮಲ್ಲಿ ಪ್ರವಾಸವೆಂದರೆ ಒಂದೋ ತೀರ್ಥಯಾತ್ರೆ, ಇಲ್ಲವೇ ನಾಲ್ಕು ದಿನಗಳಲ್ಲಿ ಒಂಬತ್ತು ಊರುಗಳನ್ನು ಮುಗಿಸುವ ಸಾಹಸ. ಕಳೆದ ಚಳಿಗಾಲದಲ್ಲಿ ರಜೆಗೆ ಬಂದವಳು, ‘ಅಪ್ಪಾ, ಹಾಗೆ ಸುಮ್ಮನೆ ಅಡ್ಡಾಡಲು ನಮ್ಮ ಕಡೆ ಯಾವ ಊರಿದೆ?’ ಎಂದು ಕೇಳಿದಳು. ಬಳ್ಳಾರಿ ಎಂದೆ. ‘ಅಲ್ಲಿ ದೂಳಿನ ಹೊರತು ಏನಿದೆ?’ ಎಂದು ನಕ್ಕಳು.

ಅವಳ ನಗೆಯಲ್ಲಿ ತಪ್ಪಿಲ್ಲ. ಗಣಿಗಾರಿಕೆಯ ಅಬ್ಬರದ ವರ್ಷಗಳಿಂದ ಹಿಡಿದು 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಳಿಗೆ ತಡೆ ಒಡ್ಡುವವರೆಗೆ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಬಂದದ್ದೆಲ್ಲ ಅದಿರಿನ ಲಾರಿಗಳ ಜೊತೆಗೇ. ಆದರೆ ಸೇವಾವಧಿಯ ಕೆಲವು ವರ್ಷಗಳನ್ನು ಆ ಸೀಮೆಯಲ್ಲಿ ಕಳೆದ ನನಗೆ ಅದರ ರುಚಿ ಗೊತ್ತಿತ್ತು. ಹೊರಟೆವು. ಬೆಂಗಳೂರಿನಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಗುಂತಕಲ್ ಬಳಸಿ ಬೆಳಿಗ್ಗೆ ಬಳ್ಳಾರಿ. ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ಈ ಯೋಜನೆ ಸಾಧು. ಏಪ್ರಿಲ್–ಮೇ ತಿಂಗಳುಗಳಲ್ಲಿ ಅಲ್ಲಿ ನಲವತ್ತು ಡಿಗ್ರಿ ದಾಟಿದ ಬಿಸಿಲಿಗೆ ಅಡ್ಡಾಟದ ಮಾತೇ ಇಲ್ಲ.

ಬಿಸಿಲೇರುವ ಮುನ್ನ ಕೋಟೆ ಹತ್ತಬೇಕು. ಮೇಲ್ಕೋಟೆ ವಿಜಯನಗರದ ಸಾಮಂತ ಹನುಮಪ್ಪ ನಾಯಕನದು, ಕೆಳಕೋಟೆ ಹೈದರಾಲಿಯ ಕಾಲದ್ದು. ಎದುರಿನ ಕುಂಬಾರಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವೆಂದು ಕಟ್ಟಿ ಮುಗಿದ ಮೇಲೆ ತಿಳಿದು ಹೈದರ್ ತನ್ನ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂಬ ಪ್ರತೀತಿಯುಂಟು. ಯೋಜನಾ ವರದಿಗಳನ್ನು ಪರಿಶೀಲಿಸಿಯೇ ಬದುಕು ಸವೆಸಿದ ನಾನು ಆ ಕಥೆಯನ್ನು ಕೇಳಿದಾಗಲೆಲ್ಲ ಕೊರಳು ಮುಟ್ಟಿಕೊಳ್ಳುತ್ತೇನೆ. ಬಂಡೆಯ ಮೇಲಿನ ನೀರಿನ ದೊಣೆಗಳ ಬಳಿ ಕುಳಿತರೆ ಇಡೀ ಊರು ಕಾಣುತ್ತದೆ.

ಇಳಿದು ಬಂದವರಿಗೆ ತಿಂಡಿ ಒಂದೇ: ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ. ಬಯಲುಸೀಮೆಯ ಹೊರಗಿನವರು ಇದನ್ನು ಚುರುಮುರಿಯೆಂದು ತಿಳಿಯುವುದುಂಟು, ಎರಡಕ್ಕೂ ಸಂಬಂಧವಿಲ್ಲ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಒಡನೆಯೇ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸುತ್ತಾರೆ. ನೀರಿನಲ್ಲಿ ಒಂದು ಕ್ಷಣ ಹೆಚ್ಚಾದರೆ ಮುದ್ದೆ, ಕಡಿಮೆಯಾದರೆ ಹೊಟ್ಟು. ಗಡಿಯಾಚೆಯ ಗುಂತಕಲ್, ಆದೋನಿಗಳಲ್ಲಿ ಇದೇ ತಿಂಡಿ ‘ಉಗ್ಗಾನಿ’ ಎಂಬ ಹೆಸರಿನಿಂದ ಸಿಗುತ್ತದೆ. 1953ರ ಅಕ್ಟೋಬರ್ 1ರಂದು ಸಿರುಗುಪ್ಪವೂ ಸೇರಿದಂತೆ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಾಣಲೆಗೆ ಆ ವಿಭಜನೆ ತಿಳಿದಂತಿಲ್ಲ. ‘ಕುಂದ್ರಿ ಸಾರ್, ಬಿಸೀವು ಬರ್ತಾವ’ ಎಂದ ಅಂಗಡಿಯವನ ಮಾತಿಗೆ ಕುಳಿತ ಮಗಳು ಮೂರನೆಯ ಮಿರ್ಚಿಯವರೆಗೆ ಏಳಲಿಲ್ಲ.

ಎರಡನೆಯ ದಿನ ಸಿರುಗುಪ್ಪಕ್ಕೆ. ದಾರಿಯಲ್ಲಿ ತುಸು ಬಳಸಿದರೆ ಕುರುಗೋಡು. ಒಂದು ಕಾಲದಲ್ಲಿ ಸಿಂದರ ರಾಜಧಾನಿಯಾಗಿದ್ದ ಈ ಊರಿನ ದೊಡ್ಡಬಸವೇಶ್ವರ ಏಕಶಿಲೆಯಲ್ಲಿ ಕಡೆದ ಭಾರೀ ನಂದಿ. ಬಸವನಿಗೆ ಕೈಮುಗಿದು ಮುಂದೆ ಸಾಗಿದರೆ ಕಪ್ಪುನೆಲ ಸರಿದು ಹಸಿರು ತೊಡಗುತ್ತದೆ.

ಉದ್ಯಾನವೆಲ್ಲಿ ಎಂದು ಮಗಳು ಕೇಳಿದಳು. ಗದ್ದೆಯ ಕಡೆ ಕೈ ತೋರಿಸಿದೆ. ನಮ್ಮವರು ತೋಟವೆಂದದ್ದು ಹೂವಿನ ಪಾತಿಗಿಂತ ಹೆಚ್ಚಾಗಿ ಫಲ ಕೊಡುವ ಜಾಗಕ್ಕೆ. ಬಳ್ಳಾರಿಯ ಅಂಜೂರದ ತೋಟಗಳೂ ಕಂಪ್ಲಿಯ ಬಾಳೆ ತೋಟಗಳೂ ಆ ಜಾತಿಯವು. ಸಿರುಗುಪ್ಪದ ಹಸಿರಿಗೆ ಎರಡು ವಯಸ್ಸು. ವಿಜಯನಗರ ಕಾಲುವೆಗಳೆಂದು ನೀರಾವರಿ ದಾಖಲೆಗಳಲ್ಲಿ ಹೆಸರಾದವುಗಳ ಪೈಕಿ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳೂ ಇವೆ. ಶತಮಾನಗಳಿಂದ ನದಿಯ ನೀರನ್ನು ಗದ್ದೆಗೆ ತಿರುಗಿಸುತ್ತ ಬಂದಿವೆ. ಮತ್ತೊಂದು, 1953ರಲ್ಲಿ ತುಂಗಭದ್ರಾ ಅಣೆಕಟ್ಟು ನೀರು ಹರಿಸಿದ ಮೇಲಿನ ಬಲದಂಡೆ ಕೆಳಮಟ್ಟದ ಕಾಲುವೆಯ ಹಸಿರು. ಕಾಲುವೆಯ ಹಿಂದೆಯೇ ಕರಾವಳಿ ಆಂಧ್ರದಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಹೀಗಾಗಿ ಇಲ್ಲಿಯ ಊಟದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಪಕ್ಕದಲ್ಲಿಯೇ ಸೋನಾ ಮಸೂರಿ ಅನ್ನವೂ ಇರುತ್ತದೆ. ಒಂದೇ ಸೊಪ್ಪು ಒಂದು ಮನೆಯಲ್ಲಿ ಪುಂಡಿಪಲ್ಯ, ಪಕ್ಕದ ಕ್ಯಾಂಪಿನಲ್ಲಿ ಗೋಂಗೂರ ಪಚ್ಚಡಿ.

2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಈ ಹಸಿರು ಎಷ್ಟು ತೆಳುವಾದ ನೂಲಿಗೆ ಜೋತುಬಿದ್ದಿದೆ ಎಂಬುದು ಎಲ್ಲರಿಗೂ ಅರಿವಾಯಿತು. ಆ ದಿನಗಳ ಆತಂಕವನ್ನು ಅಕ್ಕಿ ಗಿರಣಿಯ ಹಮಾಲರೊಬ್ಬರು ನನಗಿಂತ ನಿಖರವಾಗಿ ವಿವರಿಸಿದರು: ಮೊದಲು ರೈತನ ಬೆಳೆ, ಬಳಿಕ ಗಿರಣಿಯ ಪಾಳಿ, ಕೊನೆಗೆ ತಮ್ಮ ಕೂಲಿ.

ಸಂಜೆ ಕೆಂಚನಗುಡ್ಡದ ಬಳಿ ನದಿಯ ದಂಡೆಗೆ ಹೋದೆವು. ಬಂಡೆಗಳ ನಡುವೆ ತುಂಗಭದ್ರೆ, ಆಚೆ ರಾಯಚೂರು ಜಿಲ್ಲೆಯ ಹೊಲಗಳು. ಇಷ್ಟು ಸೊಗಸಾದ ಜಾಗ ಮಗಳು ಸುತ್ತುವ ದೇಶಗಳಲ್ಲಿದ್ದಿದ್ದರೆ ದಂಡೆಗುಂಟ ಕಾಲುದಾರಿ ಇರುತ್ತಿತ್ತು. ಆದರೆ ಅಂದು ಮಧ್ಯಾಹ್ನ ಪಟ್ಟಣದಲ್ಲಿ, ಮಂಡಿನೋವಿನ ನನ್ನ ಹೆಂಡತಿ ಪೇಟೆಬೀದಿಯಲ್ಲಿ ಕಾಲು ಫರ್ಲಾಂಗ್ ನಡೆದು ಕೂರಲು ನೆರಳು ಹುಡುಕಿದಳು. ಚರಂಡಿಯ ಚಪ್ಪಡಿಯೇ ಕಾಲುದಾರಿ, ಅದರ ಮೇಲೆಯೂ ಬೈಕುಗಳು. ಕಡೆಗೆ ಗೊಬ್ಬರದಂಗಡಿಯೊಬ್ಬರು ‘ಅಮ್ಮಾ, ಇಲ್ಲೇ ಕುಂದ್ರಿ’ ಎಂದು ಚೀಲದಟ್ಟಿಯನ್ನು ಒರೆಸಿಕೊಟ್ಟರು.

ಆಗ ನನಗೆ ಹಳೆಯದೊಂದು ಕಡತ ನೆನಪಾಯಿತು. ಸೇವೆಯ ಆರಂಭದಲ್ಲಿ ಇದೇ ಸೀಮೆಯ ಸಣ್ಣ ಪಟ್ಟಣವೊಂದರಿಂದ ಕೆರೆ ಏರಿಯ ಮೇಲೆ ಬೇವಿನ ಮರ ನೆಟ್ಟು ಕಲ್ಲುಬೆಂಚು ಹಾಕುವ ಪ್ರಸ್ತಾವ ಬಂದಿತ್ತು. ಅರ್ಥಶಾಸ್ತ್ರದ ಪದವಿಯ ಬಿಸಿ ಇನ್ನೂ ಆರಿರಲಿಲ್ಲ. ‘ಉತ್ಪಾದಕವಲ್ಲದ ವೆಚ್ಚ’ ಎಂದು ಷರಾ ಬರೆದು ಹಿಂದಿರುಗಿಸಿದೆ. ಮೊತ್ತ ಅಲ್ಪವಾಗಿತ್ತು, ನನ್ನ ಷರಾವನ್ನು ಮೇಲಿನವರು ಮೆಚ್ಚಿದರು ಕೂಡ. ಆ ಊರಿನ ಮುದುಕರು ಎಲ್ಲಿ ಕುಳಿತುಕೊಳ್ಳುತ್ತಾರೆಂಬ ಪ್ರಶ್ನೆ ಆ ಕಡತದಲ್ಲಿರಲಿಲ್ಲ, ನನ್ನ ತಲೆಯಲ್ಲಿಯೂ ಇರಲಿಲ್ಲ.

ಈಗ ಹಣದ ಕೊರತೆಯ ನೆಪವೂ ಉಳಿದಿಲ್ಲ. 2015ರ ಕಾನೂನು ತಿದ್ದುಪಡಿಯ ಮೂಲಕ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆಗಳವರು ರಾಜಧನದ ಶೇ 30ರಷ್ಟನ್ನು, ಹರಾಜಿನ ಗುತ್ತಿಗೆಗಳವರು ಶೇ 10ರಷ್ಟನ್ನು ಸಲ್ಲಿಸಬೇಕು. ರಾಜ್ಯದಲ್ಲಿ ಈ ನಿಧಿ ಹೆಚ್ಚು ಸಂಗ್ರಹವಾಗುವ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಕುಡಿಯುವ ನೀರು, ಆಸ್ಪತ್ರೆ, ಶಾಲೆಗಳಿಗೆ ಆದ್ಯತೆ ಸಲ್ಲಬೇಕೆಂಬ ಬಗ್ಗೆ ನನ್ನ ತಕರಾರಿಲ್ಲ. ಗಣಿಬಾಧಿತ ಹಳ್ಳಿಗಳ ಹಕ್ಕು ಮೊದಲನೆಯದು. ಆದರೆ ಪಟ್ಟಣಗಳ ಪುರಸಭೆಗಳು ತಮ್ಮ ಪಾಲಿನ ಅನುದಾನಗಳಲ್ಲಿ ಸ್ವಾಗತ ಕಮಾನು, ಬಣ್ಣದ ದೀಪಗಳಿಗೆ ತೋರುವ ಉತ್ಸಾಹದ ಕಾಲುಭಾಗವನ್ನು ಕಾಲುದಾರಿಗೆ ತೋರಿದರೆ, ನದಿಯ ದಂಡೆಯ ಹತ್ತಾರು ಬೇವಿನ ಮರಗಳ ನೆರಳಿನಲ್ಲಿ ದುಡಿದು ದಣಿದ ಹಮಾಲನೂ ಕೂರಬಹುದು. ಪ್ರವಾಸಿಗರು ಬರುತ್ತಾರೋ ಇಲ್ಲವೋ, ಅದು ಎರಡನೆಯ ಮಾತು.

ಮರಳುವ ಮುನ್ನ ಹೆಂಡತಿ ಬಳ್ಳಾರಿಯ ಭಟ್ಟಿಯಿಂದ ಒಂದು ದೊಡ್ಡ ಚೀಲ ಮಂಡಕ್ಕಿ ಕಟ್ಟಿಸಿಕೊಂಡಳು. ತೂಕ ನೋಡಿದರೆ ಏನೂ ಇಲ್ಲ, ಗಾತ್ರ ಮಾತ್ರ ಆನೆಯಷ್ಟು. ರಾತ್ರಿಯ ರೈಲಿನಲ್ಲಿ ಮೇಲಿನ ಬರ್ತ್ ಮಂಡಕ್ಕಿಗೆ ಮೀಸಲಾಯಿತು. ಗುಂತಕಲ್ ದಾಟುವವರೆಗೆ ನಾನು ಕಿಟಕಿಯ ಬಳಿ ಕುಳಿತೇ ಇದ್ದೆ.