ಗುಳೆ ಬಂದವರ ಕಾಯಿಲೆ ಮತ್ತು ಸಮಾಜಕಾರ್ಯ

'ವಲಸೆ' ಅನ್ನೋದು ಕಚೇರಿಯ ಮಾತು. ರಾಯಚೂರು, ಯಾದಗಿರಿ ಕಡೆಯ ಜನ ಹೇಳೋದು 'ಗುಳೆ' ಅಂತ. ಆ ಮಾತಿನೊಳಗೆ ಬರ ಇದೆ, ಸಾಲ ಇದೆ, ಭೂಮಿ ಇಲ್ಲದ ಕೈಗಳಿವೆ. ಭೂಮಿ ಇಲ್ಲದಿರುವುದಕ್ಕೂ ಜಾತಿಗೂ ಇರುವ ನಂಟನ್ನು ಈ ಸಂಚಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಂಗೇರಿ ಸುತ್ತ ಏಳುವ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಹೀಗೆ ಬಂದ ದಲಿತ ಕುಟುಂಬಗಳಿವೆ. ಇವರ ಆರೋಗ್ಯದ ಬಗ್ಗೆ ಮಾತಾಡುವ ಮೊದಲು ಕೇಳಬೇಕಾದ ಪ್ರಶ್ನೆ: ಸರ್ಕಾರದ ಲೆಕ್ಕದಲ್ಲಿ ಇವರು ಯಾರು?

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯು ವಸತಿ ಮತ್ತು ಉಚಿತ ವೈದ್ಯಕೀಯ ನೆರವಿನ ಹೊಣೆಯನ್ನು ಗುತ್ತಿಗೆದಾರನ ಮೇಲೆ ಹೊರಿಸಿತು. ಆದರೆ ಬೇರೆ ರಾಜ್ಯದಿಂದ ಕರೆತಂದವರಿಗೆ ಮಾತ್ರ. ಸುಮಾರು 100 ಕಿ.ಮೀ. ದೂರದ ಹಿಂದೂಪುರದವನು ವಲಸಿಗನಾದ. ಸುಮಾರು 500 ಕಿ.ಮೀ. ದೂರದ ಯಾದಗಿರಿಯವಳು ಆಗಲಿಲ್ಲ. ಅದರ ಜಾಗಕ್ಕೆಂದು 2020ರಲ್ಲಿ ಸಂಸತ್ತು ಒಪ್ಪಿದ ಸಂಹಿತೆಯೂ 'ಅಂತರರಾಜ್ಯ' ಎಂಬ ಪದವನ್ನು ಉಳಿಸಿಕೊಂಡಿತು.

ಕೆಂಗೇರಿಯಿಂದ ಅಷ್ಟೇನೂ ದೂರವಿಲ್ಲದ ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆಯಿದೆ. ಅಂಬೇಡ್ಕರ್ 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದರು. ಆ ಅವಧಿಯಲ್ಲೇ, 1944ರಲ್ಲಿ, ಅಡಾರ್ಕರ್ ವರದಿ ಬಂತು. ಮುಂದೆ 1948ರಲ್ಲಿ ಇಎಸ್‌ಐ ಕಾಯ್ದೆ ಆಯಿತು. ಕಾಯಿಲೆ ಬಿದ್ದ ಕಾರ್ಮಿಕನಿಗೆ ಚಿಕಿತ್ಸೆ ಭಿಕ್ಷೆಯಲ್ಲ, ಹಕ್ಕು ಎಂಬುದು ಅದರ ತಿರುಳು. ಆದರೆ ಆ ಹಕ್ಕು ಮೊದಲು ದಕ್ಕಿದ್ದು ಕಾರ್ಖಾನೆಯ ಗೇಟಿನ ಒಳಗಿದ್ದವರಿಗೆ, ಕಾರ್ಖಾನೆ ಕಟ್ಟಿದವರಿಗಲ್ಲ. ಕಟ್ಟಡ ಕಾರ್ಮಿಕರಿಗೆ ಪ್ರತ್ಯೇಕ ಕಾಯ್ದೆ ಬಂದದ್ದು 1996ರಲ್ಲಿ. ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ ಆದದ್ದು 2007ರಲ್ಲಿ. ಆ ಕಾಯ್ದೆ ನೋಂದಣಿಗೆ ಹಿಂದಿನ ವರ್ಷದಲ್ಲಿ 90 ದಿನದ ಕೆಲಸ ಕೇಳಿತು. ಮೇಸ್ತ್ರಿ ಹೇಳಿದ ಸೈಟಿಗೆಲ್ಲ ಹೋಗುವ ಹೆಂಗಸು ಅದಕ್ಕೆ ಪುರಾವೆ ಯಾರ ಹತ್ರ ಕೇಳಬೇಕು?

ಇವರ ಅಗತ್ಯಗಳೇನೂ ದೊಡ್ಡವಲ್ಲ. ತಾಯಿ ಕಾರ್ಡ್ ಊರಲ್ಲಿ ಆಗಿರುತ್ತೆ, ಹೆರಿಗೆ ಇಲ್ಲಿ ಆಗಬೇಕು. ಕ್ಷಯದ ಮಾತ್ರೆ ಸರ್ಕಾರದಿಂದ ಪುಕ್ಕಟೆ. ಆದರೆ ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ನುಂಗಬೇಕು. ಅಷ್ಟರಲ್ಲಿ ಸೈಟೇ ಬದಲಾಗಿರುತ್ತೆ. 2022ರ ಡಿಸೆಂಬರಿನಲ್ಲಿ 'ನಮ್ಮ ಕ್ಲಿನಿಕ್'ಗಳು ಶುರುವಾದಾಗ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ಗಾರೆ ಕೆಲಸದ ಹೊತ್ತೂ ಅದೇ. ಡಾಕ್ಟರನ್ನು ಕಾಣೋದು ಅಂದ್ರೆ ಆ ದಿನದ ಕೂಲಿ ಬಿಡೋದು.

ನಮ್ಮಲ್ಲಿ 'ಸಮಾಜಸೇವೆ', 'ಸಮಾಜಕಾರ್ಯ' ಎಂಬ ಎರಡು ಮಾತುಗಳಿವೆ. ಸೇವೆ ಮೇಲಿನಿಂದ ಕೆಳಕ್ಕೆ ಇಳಿಯುವಂಥದ್ದು: ಒಂದು ದಿನದ ಕ್ಯಾಂಪು, ಬ್ರೆಡ್ಡು, ಫೋಟೋ. ಕಾರ್ಯ ಬೇರೆ. ಮೇಸ್ತ್ರಿ, ಮಾಲೀಕರ ಬೆನ್ನು ಹತ್ತಿ ಕೆಲಸದ ಪತ್ರಕ್ಕೆ ಸಹಿ ಹಾಕಿಸಬೇಕು. ತಾಯಿ ಕಾರ್ಡಿನ ವಿವರವನ್ನು ಇಲ್ಲಿನ ಆಶಾ ಕಾರ್ಯಕರ್ತೆಗೆ ಮುಟ್ಟಿಸಬೇಕು. ಸೈಟು ಬದಲಾದರೆ ಕ್ಷಯರೋಗಿಯ ದಾಖಲೆ ಹೊಸ ಕೇಂದ್ರಕ್ಕೆ ಹೋಗುವಂತೆ ನೋಡಿಕೊಳ್ಳಬೇಕು. ಕೂಲಿ ಮುಗಿದ ಮೇಲೆ ತೆರೆದಿರುವ ಕ್ಲಿನಿಕ್ಕಿಗಾಗಿ ಶೆಡ್ಡಿನವರೇ ಒಟ್ಟಾಗಿ ಕೇಳುವಂತಾಗಬೇಕು. "ಅಡ್ರೆಸ್ ಎಲ್ಲಮ್ಮ?" ಎಂದು ಗದರುವ ಕಿಟಕಿಯ ಮುಂದೆ ಅವಳ ಪಕ್ಕದಲ್ಲಿ ನಿಲ್ಲಬೇಕು. ಮಾತು ಮಾತ್ರ ಅವಳದ್ದೇ ಆಗಿರಬೇಕು.

ಕಾದಂಬರಿಯಲ್ಲಿ ಯಾರು ಕಾಣೆಯಾಗಿದ್ದಾರೆ ಎಂದು ದಲಿತ ವಿಮರ್ಶೆ ಕೇಳುತ್ತಾ ಬಂದಿದೆ. ಆಸ್ಪತ್ರೆಯ ಅರ್ಜಿ ನಮೂನೆಗೂ ಅದೇ ಪ್ರಶ್ನೆ ಹಾಕಬೇಕಾಗಿದೆ. 'ಖಾಯಂ ವಿಳಾಸ' ಎಂಬಲ್ಲಿ ಊರ ಕೇರಿಯ ಹೆಸರು ಬರೆದರೆ ಜಾತಿ ತಿಳಿಯುತ್ತೆ; ಶೆಡ್ಡು ಅಂತ ಬರೆದರೆ ಅರ್ಜಿ ಅಲ್ಲೇ ನಿಲ್ಲುತ್ತೆ.