ಬೇಳೆ-ಕಾಳಿನ ಬೇರಿಗೆ ಲೋಹದ ವಿಷ



ಸಾಂಬಾರಿಗೆ ತೊಗರಿ, ಇಡ್ಲಿ-ದೋಸೆಗೆ ಉದ್ದು, ಮಿಸಳಿಗೆ ಮಟಕಿ. ಇವಿಲ್ಲದೆ ನಮ್ಮ ಹೋಟೆಲು ಒಂದು ದಿನವೂ ನಡೆಯದು. ಬೀನ್ಸ್, ಬಟಾಣಿ, ಮೆಂತ್ಯ ಸೊಪ್ಪು ಕೂಡ ಇದೇ ಜಾತಿಯ ಬೆಳೆಗಳು. ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ ಮುಂತಾದ ಭಾರ ಲೋಹಗಳು ಮಣ್ಣಿಗೆ ಸೇರಿದರೆ ಇವಕ್ಕೆ ಏನಾಗುತ್ತದೆ ಎಂಬುದನ್ನು ನಾವು ತಿಳಿದಿರಬೇಕು.

ಪಿಂಪ್ರಿ-ಚಿಂಚವಾಡದಿಂದ ಬರುವ ಪವನಾ ನದಿ ದಾಪೋಡಿಯಲ್ಲಿ ಮುಳಾ ನದಿಗೆ ಕೂಡುತ್ತದೆ. ಮುಂದೆ ಪುಣೆಯ ಸಂಗಮದಲ್ಲಿ ಮುಠಾ ಸೇರಿ, ಮುಳಾ-ಮುಠಾ ಊರಿನ ಕೊಳಚೆಯನ್ನೂ ಹೊತ್ತು ಮಾಂಜರಿ, ಥೇವೂರ ಕಡೆಗೆ ಹರಿಯುತ್ತದೆ. ದಡದ ರೈತರು ಇದೇ ನೀರನ್ನು ಪಂಪಿನಿಂದ ಎತ್ತಿ ಹೊಲಕ್ಕೆ ಬಿಡುತ್ತಾರೆ. ಬೆಂಗಳೂರಿನ ವೃಷಭಾವತಿ ನೀರು ತುಂಬುವ ಬೈರಮಂಗಲ ಕೆರೆಯ ಸುತ್ತಲೂ ಇದೇ ಪರಿಸ್ಥಿತಿ. ಲೋಹಕ್ಕೆ ಲೇಪ ಹಾಕುವ, ಬ್ಯಾಟರಿ, ಬಣ್ಣ ತಯಾರಿಸುವ ಕಾರ್ಖಾನೆಗಳ ನೀರು ಶುದ್ಧವಾಗದೆ ನದಿಗೆ ಬಂದರೆ ಲೋಹವೂ ಅದರೊಡನೆ ಬರುತ್ತದೆ.

ಕಾಳಿನ ಗಿಡದ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಅದರಲ್ಲಿರುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತದೆ. ಲೋಹ ಹೆಚ್ಚಾದರೆ ಬೇರು ಮೊಟಕಾಗುತ್ತದೆ, ಗಂಟು ಕಡಿಮೆಯಾಗುತ್ತದೆ, ಎಲೆ ಹಳದಿಯಾಗುತ್ತದೆ, ಕಾಯಿ ಕಡಿಮೆ ಹಿಡಿಯುತ್ತದೆ. ಇಂಗ್ಲೆಂಡಿನ ವೋಬರ್ನ್ ಎಂಬಲ್ಲಿ 1942ರಿಂದ 1961ರವರೆಗೆ ಹೊಲಕ್ಕೆ ಚರಂಡಿಯ ಕೆಸರು ಗೊಬ್ಬರ ಹಾಕಿದ್ದರು. ನಿಲ್ಲಿಸಿ ಇಪ್ಪತ್ತು ವರ್ಷ ಕಳೆದ ಮೇಲೂ ಆ ಮಣ್ಣಿನಲ್ಲಿ ಕ್ಲೋವರ್ ಎಂಬ ಮೇವಿನ ಗಿಡದ ಗಂಟುಗಳು ಸಾರಜನಕ ಹಿಡಿಯಲಿಲ್ಲ. ಕಾಳಿನ ಜಾತಿಯದೇ ಗಿಡ ಅದು. ಲೋಹ ಕೊಳೆಯುವುದಿಲ್ಲ, ಮಣ್ಣಿನಲ್ಲೇ ಉಳಿಯುತ್ತದೆ.

ಗಿಡ ಹೀರಿದ ಲೋಹ ಸಾಮಾನ್ಯವಾಗಿ ಬೇರಿನಲ್ಲಿ ಹೆಚ್ಚು, ಎಲೆಯಲ್ಲಿ ಅದಕ್ಕಿಂತ ಕಡಿಮೆ, ಕಾಳಿನಲ್ಲಿ ಇನ್ನೂ ಕಡಿಮೆ. ಆದ್ದರಿಂದ ಒಣ ಬೇಳೆಗಿಂತ ಮೆಂತ್ಯ ಸೊಪ್ಪಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ತೊಳೆದರೆ ಮೇಲಿನ ಮಣ್ಣು, ಧೂಳು ಹೋಗುತ್ತದೆ. ಒಳಗಿನ ಲೋಹ ತೊಳೆದರೂ ಹೋಗದು, ಕುದಿಸಿದರೂ ನಾಶವಾಗದು.

ನಾವು ಮಾಡಬಹುದಾದದ್ದು ಇಷ್ಟು. ಸೊಪ್ಪು ಯಾವ ಊರಿನದು, ಬಾವಿ ನೀರಿನದೋ ನದಿ ನೀರಿನದೋ ಎಂದು ವ್ಯಾಪಾರಿಯನ್ನು ಕೇಳಿ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರು ವರ್ಷಕ್ಕೊಮ್ಮೆಯಾದರೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಕೆಟ್ಟ ಸೆಲ್ಲು, ಟ್ಯೂಬ್‌ಲೈಟ್‌ಗಳನ್ನು ಅಡುಗೆಮನೆಯ ಹಸಿ ಕಸಕ್ಕೆ ಹಾಕದಂತೆ ಹುಡುಗರಿಗೆ ಹೇಳಿ. ಆ ಕಸ ಗೊಬ್ಬರವಾಗಿ ಹೊಲ ಸೇರಿದರೆ, ಅದರ ಲೋಹ ನಮ್ಮ ತಟ್ಟೆಗೇ ಮರಳಿ ಬರುತ್ತದೆ.